ಹುಬ್ಬೆತ್ತಿದರೆ ಹೌದು

ಜುಲೈ 27, ಭಾನುವಾರ

ತಂಗಿ ಲೆಸಿಯೆಲಿ,

ಅಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮಂಡಿನೋವು ಇಳಿಯಿತೇ, ಇಲ್ಲ ಇನ್ನೂ ಕೋಲು ಹಿಡಿದೇ ಚರ್ಚಿಗೆ ಹೋಗುತ್ತಿದ್ದೀಯಾ? ನಿನ್ನ ಯಜಮಾನ ಮಾಲಕಾಯ್‌ಗೆ ಕಣ್ಣಿನ ಪೊರೆ ತೆಗೆದರಂತೆ, ಈಗ ಬಲೆಯ ತೂತು ಕಾಣುತ್ತದೆಯೇ? ಮಗು ಕಾಲೊಲೈನೆಯ ಕೆಮ್ಮು ಹೋಯಿತೇ? ಟುಪೋ ಅಜ್ಜಿ ಇನ್ನೂ ಎಲ್ಲರನ್ನೂ ಬೈಯುತ್ತಿದ್ದರೆ ಅವರು ಆರೋಗ್ಯವಾಗಿದ್ದಾರೆ ಎಂದೇ ತಿಳಿಯುತ್ತೇನೆ.

ಇಲ್ಲಿ ಸಿಡ್ನಿಯಲ್ಲಿ ಚಳಿ. ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿರುತ್ತದೆ. ಪಾಸ್ಟರ ಹೆಂಡತಿ ಬರುವ ತಿಂಗಳು ಇಪ್ಪತ್ತೈದಕ್ಕೆ ಟೋಂಗಾಕ್ಕೆ ವಿಮಾನ ಹತ್ತುತ್ತಾರೆ. ಅಲ್ಲಿಯವರೆಗೆ ಪಿಸಿಲಾಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳಿಗೆ ಇಷ್ಟಿಷ್ಟು ಬರೆಯುತ್ತೇನೆ. ಕಳಿಸುತ್ತೇನೋ, ನನ್ನ ಹಾಸಿಗೆಯ ಕೆಳಗೇ ಇಡುತ್ತೇನೋ ಗೊತ್ತಿಲ್ಲ. ಫೋನಿನಲ್ಲಿ ನನಗೆ ಮಾತಾಡಲು ಬರುವುದಿಲ್ಲ. ನೀನು ಫೋನು ಎತ್ತಿದರೆ ನಿನ್ನ ಇಡೀ ಬೀದಿ ಬಂದು ಕೂರುತ್ತದೆ.

ನಮ್ಮ ತಮ್ಮ ಪೆನಿ ಲಾರಿ ಓಡಿಸುತ್ತಾನೆ, ಬೆಳಗಾಗುವ ಮುಂಚೆ ಹೋದರೆ ಸಂಜೆಗೆ ಬರುವುದು. ಅವನ ಹೆಂಡತಿ ಮೆಲೆಯಾನೆಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ. ಮನೆಯಲ್ಲಿ ಹಗಲು ನಾನೇ ರಾಣಿ. ಅವರ ಮಗ ಫೆಲೆಟಿಗೆ ಹದಿನೇಳಾಯಿತು, ಬಾಗಿಲಿಗೆ ತಲೆ ತಾಗುತ್ತದೆ. ಅವನ ಹಾಸಿಗೆ ಗರಾಜಿನಲ್ಲಿ. ಮಗಳು ಪಿಸಿಲಾಗೆ ಹದಿನೈದು, ಅವಳ ಕೋಣೆಯಲ್ಲೇ ನನ್ನ ಮಂಚ.

ಇವತ್ತು ಅವಳನ್ನು ಗದರಿಸಬೇಕಾಯಿತು. ಗರಾಜಿನ ಹೊಸ್ತಿಲಲ್ಲಿ ನಿಂತು ಅಣ್ಣನಿಗೆ ತಟ್ಟೆ ಚಾಚುತ್ತಿದ್ದಳು. ಅಣ್ಣ ಮಲಗುವ ಜಾಗದಲ್ಲಿ ತಂಗಿಗೇನು ಕೆಲಸ? ನಾವಿಬ್ಬರೂ ಒಳಗೆ ಕಾಲಿಟ್ಟರೆ ಪೆನಿ ಅರ್ಧ ಊಟ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದ, ನೆನಪಿದೆಯಾ? ಬಾಯಲ್ಲಿದ್ದ ಗೆಣಸನ್ನು ಅಂಗಳದಲ್ಲಿ ನಿಂತು ನುಂಗುತ್ತಿದ್ದ. ಹಾಗೆ ಬೆಳೆದವರು ನಾವು.

“ಇದು ಸಿಡ್ನಿ ಅತ್ತೆ,” ಅಂದಳು.

“ಸಿಡ್ನಿ ಬೇಲಿಯಿಂದಾಚೆ. ಬೇಲಿಯೊಳಗೆ ಟೋಂಗಾ,” ಅಂದೆ.

ಜುಲೈ 30, ಬುಧವಾರ

ಎರಡು ಸುದ್ದಿ. ನಿನ್ನೆ ಪಿಸಿಲಾ ವಲಯದ ಕ್ರೀಡಾಕೂಟದಲ್ಲಿ ನಾನೂರು ಮೀಟರ್ ಗೆದ್ದಳು. ಹನ್ನೊಂದು ವರ್ಷದಿಂದ ಶಾಲೆಯ ಗೋಡೆಯ ಮೇಲಿದ್ದ ಯಾರದೋ ಹೆಸರನ್ನು ಅಳಿಸಿ ಇವಳ ಹೆಸರು ಬರೆಯುತ್ತಾರಂತೆ. ಸೆಪ್ಟೆಂಬರ್ ಹನ್ನೊಂದಕ್ಕೆ ಇಡೀ ರಾಜ್ಯದ ಕೂಟ. ಓಡುವಾಗ ಅವಳ ಮುಖ ಮಲಗಿದ ಮಗುವಿನ ಹಾಗಿರುತ್ತದೆ, ಕಾಲು ಮಾತ್ರ ಬೇರೆ ಯಾರದೋ.

ಇವತ್ತು ಫೆಲೆಟಿಯ ರಗ್ಬಿ ಲೀಗ್ ಸೆಮಿಫೈನಲ್. ಶಾಲೆಗಳ ಕಪ್. ಚೆಂಡು ಎದೆಗವಚಿಕೊಂಡು ಮೂವರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೆರೆ ದಾಟಿದ, ಎರಡು ಸಲ. ದೊಡ್ಡ ಕ್ಲಬ್ಬಿಗೆ ಹುಡುಗರನ್ನು ಆರಿಸುವ ಒಬ್ಬ ಟೋಪಿಯವನು ಬಂದು ಹೆಸರು ಬರೆದುಕೊಳ್ಳುತ್ತಿದ್ದ. ಗೆದ್ದರು. ಇಪ್ಪತ್ತನೇ ತಾರೀಕು ಫೈನಲ್.

ರಜೆ ಹಾಕಿ ಬಂದಿದ್ದ ಪೆನಿ ಅಂದ, “ನಮ್ಮನೇಗೆ ಕಳ್ಳ ಬಂದ್ರೆ ಓಡಿ ಹಿಡಿಯೋಕೆ ಒಬ್ಳು, ಕೆಡವೋಕೆ ಒಬ್ಬ. ಪೊಲೀಸಿಗೆ ಫೋನ್ ಮಾಡೋದೇ ಬೇಡ ಬಿಡಕ್ಕ.”

ಕೊನೆಗಳಿಗೆಯಲ್ಲಿ ಎದುರು ತಂಡದವನ ಮೊಣಕಾಲು ಫೆಲೆಟಿಯ ತಲೆಯ ಬದಿಗೆ ಬಡಿಯಿತು. ಒಂದು ಕ್ಷಣ ಮಲಗಿದ್ದ. ಎದ್ದ. ಎದ್ದವನು ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತ. ಜನ ನಕ್ಕರು. ನಾನೂ ನಕ್ಕೆ, ಲೆಸಿಯೆಲಿ. ಆಮೇಲೆ ಕೈಹಿಡಿದು ಆಚೆ ಕರೆದುಕೊಂಡು ಹೋದರು. ಶಾಲೆಯ ನಿಯಮದಂತೆ ಮೂರು ವಾರ ಆಡುವ ಹಾಗಿಲ್ಲ, ಕಡೆಯ ಎರಡು ವಾರ ತಲೆನೋವು ಗಿಲೆನೋವು ಏನೂ ಇರಬಾರದು. ಎಣಿಸಿದೆ. ಫೈನಲ್ಲಿಗೆ ಸರಿಯಾಗಿ ಮೂರು ವಾರ.

ಆಗಸ್ಟ್ 1, ಶುಕ್ರವಾರ

ಬೆಳಗಿನ ಜಾವ ಪಿಸಿಲಾ ನನ್ನ ಭುಜ ಅಲ್ಲಾಡಿಸಿದಳು.

“ಅತ್ತೆ. ಗೋಡೆ ಆಚೆ ಸದ್ದು.”

“ಏನು ಸದ್ದು?”

“ಸದ್ದು,” ಅಂದಳು ಅಷ್ಟೇ.

ಗೋಡೆಯ ಆಚೆ ಗರಾಜು. ನನ್ನ ಒಳ್ಳೆಯ ಕಿವಿ ಇಟ್ಟು ಕೇಳಿದೆ. ಹುಡುಗ ವಾಂತಿ ಮಾಡಿಕೊಳ್ಳುತ್ತಿದ್ದ. ಅಣ್ಣನ ಮೈಯ ಮಾತನ್ನು ತಂಗಿ ಬಾಯಿಂದ ಹೇಗೆ ಹೇಳಿಯಾಳು. ಅದಕ್ಕೇ ಬರೀ ಸದ್ದು.

“ನಿನ್ನೆ ಏಳು ತುಂಡು ಕೋಳಿ ತಿಂದ. ಹೊಟ್ಟೆಗೂ ಒಂದು ಲೆಕ್ಕ ಇರುತ್ತೆ. ಮಲಗು,” ಅಂದೆ.

ಅವಳು ಮಲಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಆಗಸ್ಟ್ 3, ಭಾನುವಾರ

ಚರ್ಚಿನಲ್ಲಿ ಫೆಲೆಟಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಅವನಿಗೆಂದು ಪ್ರಾರ್ಥನೆ ಮಾಡಿದರು. ಮುದುಕರು ಬೆನ್ನು ತಟ್ಟಿದರು. ಐದು ವರ್ಷದವನಿದ್ದಾಗಿನಿಂದ ಹಾಡುವ ಸ್ತುತಿಗೀತೆಯ ಎರಡನೇ ಚರಣದಲ್ಲಿ ಅವನ ಬಾಯಿ ನಿಂತುಬಿಟ್ಟಿತು. ಪುಸ್ತಕ ತೆರೆದೇ ಇತ್ತು. ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತಿದ್ದ.

ಹಿಂದಿನ ಸಾಲಿನಲ್ಲಿ ಮೊಸೆಸೆ. ನಿನಗೆ ಗೊತ್ತಲ್ಲ, ಫುಸಿಯ ಮಗ. ನಾಲ್ಕು ವರ್ಷದ ಹಿಂದೆ ಅವನೂ ಹೀಗೇ ಆಡುತ್ತಿದ್ದ. ತಲೆಗೆ ಬಿದ್ದ ಮೊದಲ ಪೆಟ್ಟನ್ನು ಯಾರಿಗೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ಎರಡನೆಯದು ಬಿತ್ತು, ಅದು ದೊಡ್ಡದೇನೂ ಅಲ್ಲವಂತೆ. ಈಗ ಗಾಲಿಕುರ್ಚಿ. ಊಟದ ಹೊತ್ತಿಗೆ ಫುಸಿ ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸವನ್ನು ಬೆರಳಲ್ಲಿ ಹಿಸುಕಿ ಅವನ ಬಾಯಿಗಿಡುತ್ತಿದ್ದಳು.

“ನಿಮ್ಮ ಹುಡುಗನಿಗೆ ತಲೆಗೆ ತಾಗಿತಂತಲ್ಲ ಸೆಲುವಾಯಿಯಾ?”

“ಏನಿಲ್ಲ. ಕೋಳಿ ತಿಂದು ಅರಗಿಸ್ಕೋತಿದಾನೆ.”

ಫುಸಿ ನನ್ನನ್ನೇ ನೋಡಿದಳು. “ನಾನೂ ಹಂಗೇ ಅಂದಿದ್ದೆ,” ಅಂದಳು.



ಆಗಸ್ಟ್ 9, ಶನಿವಾರ

ಮೋಡದ ದಿನವೂ ಫೆಲೆಟಿಗೆ ಕಪ್ಪು ಕನ್ನಡಕ. ಗರಾಜಿನ ಕಿಟಕಿಗೆ ಚಾಪೆ ಕಟ್ಟಿಕೊಂಡಿದ್ದಾನೆ. ಕೇಳಿದರೆ “ಹಿಂಗೇ ಚೆನ್ನಾಗಿದೆ ಅತ್ತೆ” ಅನ್ನುತ್ತಾನೆ, ನಗುತ್ತಾನೆ.

ಮಧ್ಯಾಹ್ನ ಊಟಕ್ಕೆ ಮುಂಚೆ ಅವನೇ ಪ್ರಾರ್ಥನೆ ಹೇಳಿದ. ಆಮೆನ್ ಅಂದೆವು. ನಾನು ಗೆಣಸಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ತಲೆ ಬಾಗಿಸಿ ಅದೇ ಪ್ರಾರ್ಥನೆ, ಅಕ್ಷರ ಬಿಡದೆ, ಮೊದಲಿಂದ ಹೇಳಿದ. ಪೆನಿ ನಕ್ಕು, “ಈ ಹೊಟ್ಟೆಗೆ ಒಂದು ಸಲ ಸಾಲಲ್ಲ ಬಿಡು” ಅಂದ. ಮೆಲೆಯಾನೆ ನಗಲಿಲ್ಲ.

ಪಾತ್ರೆ ತೊಳೆಯುವಾಗ ಅವಳು ನನ್ನ ಪಕ್ಕಕ್ಕೆ ಬಂದಳು. “ಅತ್ತಿಗೆ, ಅವನು ನನ್ನ ಮಾತು ಕೇಳಲ್ಲ. ಅವರಪ್ಪ ಕಪ್, ಕ್ಲಬ್ ಅಂತ ಕನಸು ಕಾಣ್ತಿದಾರೆ. ನಿಮ್ಮ ಮಾತೊಂದನ್ನ ಅವನು ಮೀರೋ ಹಂಗಿಲ್ಲ.”

ನಿಜ. ಸೋದರತ್ತೆಯ ಮಾತನ್ನು ಟೋಂಗಾದಲ್ಲಿ ರಾಜನ ಮಗನೂ ಮೀರುವುದಿಲ್ಲ. ಅದರಲ್ಲೂ ನಾನು ಹಿರಿಯಳು. ಆದರೆ ಅಂಥ ಮಾತನ್ನು ದಿನಾ ಆಡುತ್ತಾರೆಯೇ?

“ನೋಡೋಣ,” ಅಂದೆ.

ಪಿಸಿಲಾ ಈಗ ಸಂಜೆ ಗರಾಜಿನ ಬಾಗಿಲ ಹೊರಗೆ ಕೂತು ಪಾಠ ಓದುತ್ತಾಳೆ. ಒಳಗೆ ಕಣ್ಣು ಹಾಯಿಸುವುದಿಲ್ಲ. ಸಿಮೆಂಟು ತಣ್ಣಗಿರುತ್ತದೆ ಅಂತ ಒಂದು ಚಾಪೆ ಹಾಕಿಕೊಟ್ಟೆ.

ಆಗಸ್ಟ್ 15, ಶುಕ್ರವಾರ

ಇದನ್ನು ಬರೆಯಲು ಎರಡು ಸಲ ಕೂತು ಎರಡು ಸಲ ಎದ್ದೆ.

ಶಾಲೆಯಿಂದ ಕರೆ ಬಂದಿತ್ತು. ಮನೆಯ ಹಿರಿಯರು ಬಂದು ಒಂದು ಕಾಗದಕ್ಕೆ ಸಹಿ ಹಾಕಬೇಕು, ಹಾಕಿದರೆ ಫೆಲೆಟಿ ಫೈನಲ್ ಆಡಬಹುದು. ಪೆನಿ ಲಾರಿಯಲ್ಲಿ, ಮೆಲೆಯಾನೆ ಪಾಳಿ ಮುಗಿಸಿ ಮಲಗಿದ್ದಾಳೆ. “ಅಕ್ಕ, ನೀನೇ ಹೋಗಿ ಬಾ. ನಿನ್ನ ಅಕ್ಷರ ನಂದಕ್ಕಿಂತ ಚೆಂದ,” ಅಂದ ಪೆನಿ ಫೋನಿನಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಆ ಮಾತು ಸಾಕಲ್ಲ, ಒಳ್ಳೆಯ ಅಂಗಿ ತೊಟ್ಟು ಹೊರಟೆ.

ಆಟಗಾರರ ಮೈಕೈ ನೋಡಿಕೊಳ್ಳುವವಳು ಮಿಸ್ ಹ್ಯಾರಿಗನ್ ಎಂಬ ಕೆಂಗೂದಲ ಹುಡುಗಿ. ಒಳ್ಳೆಯವಳು. ತನ್ನ ಇಂಗ್ಲಿಷನ್ನು ನನಗೆ ನಮ್ಮ ಭಾಷೆಯಲ್ಲಿ ಹೇಳಲಿ ಎಂದು ಪಿಸಿಲಾಳನ್ನು ತರಗತಿಯಿಂದ ಕರೆಸಿದಳು. ಪಿಸಿಲಾ ಬಂದು ಕೂತ ಕೂಡಲೇ ಫೆಲೆಟಿ ಕುರ್ಚಿ ಬಿಟ್ಟೆದ್ದು ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತ. ಮಿಸ್‌ಗೆ ಅದೇನೆಂದು ಗೊತ್ತಾಗಲಿಲ್ಲ.

ನೋವು ಗೀವು ಇದೆಯೇ ಎಂದು ಅವನನ್ನು ಕೇಳಿದಳು. ಇಲ್ಲ, ಇಲ್ಲ, ಇಲ್ಲ ಅಂದ.

ನನ್ನನ್ನು ಕೇಳಿದಳು, ಮನೆಯಲ್ಲಿ ವಾಂತಿ ಮಾಡಿದನೇ ಎಂದು. ಪಿಸಿಲಾ ನನ್ನ ಕಡೆ ತಿರುಗಿ, “ಎಲ್ಲಾ ಸರಿಯಾಗಿದೆಯಾ ಅಂತ ಕೇಳ್ತಿದಾರೆ ಅತ್ತೆ” ಅಂದಳು. ಅಣ್ಣನ ಎದುರು ಆ ಪದ ಅವಳ ಬಾಯಲ್ಲಿ ಬರುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಇಲ್ಲಿನ ವೃದ್ಧಾಶ್ರಮದ ಹೊದಿಕೆ ಒಗೆದವಳು ನಾನು. ವಾಂತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿಲ್ಲವೇ? ಆದರೂ ಪಿಸಿಲಾ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. “ದೇವರ ದಯೆ,” ಅಂದೆ.

ಕೊನೆಗೆ ಮಿಸ್ ಬಾಗಿ ಪಿಸಿಲಾಳನ್ನೇ ಕೇಳಿದಳು. “ನೀನು ಮನೇಲಿ ಏನಾದ್ರೂ ನೋಡಿದ್ಯಾ? ತಲೆನೋವು, ವಾಂತಿ, ಮರೆವು?”

ಪಿಸಿಲಾ ಕಣ್ಣು ನೆಲಕ್ಕೆ ಹಾಕಿದಳು. ತುಟಿ ಬಿಚ್ಚಲಿಲ್ಲ. ಆಮೇಲೆ ಎರಡು ಹುಬ್ಬನ್ನೂ ಎತ್ತಿದಳು.

ನೀನಾಗಿದ್ದರೆ ಕೂಡಲೇ ತಿಳಿಯುತ್ತಿತ್ತು. ನಮ್ಮ ಊರಿನ ಕೂಸಿಗೂ ತಿಳಿಯುತ್ತದೆ. ಹುಬ್ಬೆತ್ತಿದರೆ ಹೌದು. ಮಿಸ್ ಹ್ಯಾರಿಗನ್ ಅವಳನ್ನು ನೋಡಿ ನಕ್ಕಳು, ನಾಚಿಕೆಯ ಹುಡುಗಿ ಅಂದುಕೊಂಡಿರಬೇಕು. ಕಾಗದದಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ನನ್ನ ಕಡೆ ತಳ್ಳಿದಳು.

ಗೋಡೆಗೆ ಮುಖ ಮಾಡಿದ್ದ ಫೆಲೆಟಿಗೆ ಕಾಣಲಿಲ್ಲ. ಕಂಡವಳು ನಾನೊಬ್ಬಳೇ. ಪೆನ್ನು ನನ್ನ ಕೈಯಲ್ಲಿತ್ತು. ಸಹಿ ಹಾಕಿದೆ, ಒಂದೊಂದೇ ಅಕ್ಷರ, ಚೆಂದವಾಗಿ.

ಆಗಸ್ಟ್ 16, ಶನಿವಾರ

ಬೆಳಗಿನ ಜಾವ ಗೋಡೆ ಸುಮ್ಮನಿತ್ತು. ವಾಂತಿಯ ಸದ್ದು ಕೇಳಿದರೆ ಒಂದು ಭಯ, ಕೇಳದಿದ್ದರೆ ಅದಕ್ಕಿಂತ ಹೆಚ್ಚು. ಕಸದ ಡಬ್ಬಿ ಹೊರಗಿಡುವ ನೆಪ ಮಾಡಿಕೊಂಡು ಹೋಗಿ ಗರಾಜಿನ ಬಾಗಿಲಿಗೆ ಕಿವಿ ಕೊಟ್ಟೆ. ಉಸಿರಾಟ ಕೇಳಿಸಿತು. ಎಣಿಸುತ್ತಾ ನಿಂತೆ.

ಪಿಸಿಲಾ ನನ್ನ ಜೊತೆ ಮಾತಾಡುತ್ತಿಲ್ಲ. ಓಟದ ಅಭ್ಯಾಸಕ್ಕೂ ಹೋಗಿಲ್ಲ.

ಆಗಸ್ಟ್ 18, ಸೋಮವಾರ

ಧೈರ್ಯ ಮಾಡಿದೆ. ಶಾಲೆಯಿಂದ ಬಂದ ಫೆಲೆಟಿಯನ್ನು ಅಂಗಳದ ನಿಂಬೆ ಗಿಡದ ಹತ್ತಿರ ಕರೆದು ಕೂರಿಸಿಕೊಂಡೆ. ಹುಲ್ಲಿನ ಮೇಲೆ ಕೂತ, ನಾನು ಕುರ್ಚಿಯಲ್ಲಿ. ತಲೆ ನನಗಿಂತ ಕೆಳಗಿರಬೇಕೆಂದು ಬೆನ್ನು ಬಗ್ಗಿಸಿಕೊಂಡ. ಇಷ್ಟು ದೊಡ್ಡ ಹುಡುಗ.

“ತಲೆ ನೋಯುತ್ತಾ?”

“ಸ್ವಲ್ಪ.”

“ಎಷ್ಟು ಸ್ವಲ್ಪ?”

“ಓದೋಕಾಗಲ್ಲ. ಬೆಳಕು ಕಂಡ್ರೆ ಗಂಟೆ ಹೊಡ್ದಂಗಾಗುತ್ತೆ. ಓಡೋವಾಗ ಏನೂ ಇರಲ್ಲ ಅತ್ತೆ, ನಿಜವಾಗ್ಲೂ.”

“ಮೊಸೆಸೆನ ನೋಡಿದ್ದೀಯಲ್ಲ.”

ಅವನು ಹುಲ್ಲು ಕಿತ್ತ. ಆಮೇಲೆ ಹೇಳಿದ. “ಆ ಟೋಪಿಯವರು ಬುಧವಾರ ಮತ್ತೆ ಬರ್ತಾರೆ. ಒಂದು ಆಟ. ಎಪ್ಪತ್ತು ನಿಮಿಷ. ಅವರು ನನ್ನ ತಗೊಂಡ್ರೆ ಅಪ್ಪ ಲಾರಿ ಓಡ್ಸೋದು ಬಿಡಬಹುದು, ಅಮ್ಮ ರಾತ್ರಿ ಮಲಗಬಹುದು. ನೀವು ಬೇಡ ಅಂದ್ರೆ ನಾನು ಆಡಲ್ಲ ಅತ್ತೆ. ನಿಮ್ಮ ಮಾತು ಮೀರೋಕೆ ನನಗಾಗಲ್ಲ. ಅದಕ್ಕೇ ಕಾಲು ಹಿಡ್ಕೋತೀನಿ, ಬೇಡ ಅನ್ಬೇಡಿ.”

ಕಾಲನ್ನು ಹಿಡಿದೇ ಹಿಡಿದ, ಲೆಸಿಯೆಲಿ. ಅವನ ಅಂಗೈ ಬೆಚ್ಚಗಿತ್ತು.

ಬೇಡ ಎಂಬುದು ಎರಡೇ ಅಕ್ಷರ. ನನ್ನ ಬಾಯಿಂದ ಹೊರಡಲಿಲ್ಲ. ಅವನ ತಲೆ ಸವರಿದೆ. ಎಲ್ಲಿ ಪೆಟ್ಟು ಬಿದ್ದಿದ್ದು ಎಂದು ಗೊತ್ತಿದ್ದರಿಂದ ಆ ಬದಿ ಮುಟ್ಟಲು ಹೆದರಿ ಈ ಬದಿ ಸವರಿದೆ.

ಅಡುಗೆಮನೆ ಕಿಟಕಿಯಲ್ಲಿ ಪಿಸಿಲಾ ನಿಂತಿದ್ದಳು.

ಆಗಸ್ಟ್ 20, ಬುಧವಾರ

ಅಕ್ಷರ ಸರಿಯಿಲ್ಲದಿದ್ದರೆ ಬೈಯಬೇಡ.

ಮಧ್ಯಾಹ್ನ ಎರಡಕ್ಕೆ ಆಟ. ಮೈದಾನದ ತುಂಬ ನಮ್ಮವರು, ಕೆಂಪು ಬಾವುಟ, ಡ್ರಮ್ಮು. ಮೊಸೆಸೆಯನ್ನೂ ಗಾಲಿಕುರ್ಚಿಯಲ್ಲಿ ಕರೆತಂದಿದ್ದರು, ಅವನ ಮೇಲೂ ಒಂದು ಬಾವುಟ ಹೊದಿಸಿದ್ದರು. ಪೆನಿ ಪಕ್ಕದವರಿಗೆಲ್ಲ ನೀರು ಹಂಚುತ್ತಿದ್ದ. ಪಿಸಿಲಾ ಶಾಲೆಯ ಸಮವಸ್ತ್ರದಲ್ಲಿ ನನ್ನ ಪಕ್ಕ ಕೂತಿದ್ದಳು, ಉಗುರು ಕಚ್ಚುತ್ತ.

ಹುಡುಗರು ಸಾಲಾಗಿ ಮೈದಾನಕ್ಕೆ ಇಳಿದರು. ಫೆಲೆಟಿ ಮೂರನೆಯವನು. ಇಳಿಯುವಾಗ ಬೆಳಕಿಗೆ ಒಂದು ಕಣ್ಣು ಮುಚ್ಚಿಕೊಂಡ. ನನಗೆ ಕಂಡಿತು. ಅವಳಿಗೂ ಕಂಡಿತು.

ತನ್ನ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. “ಇದನ್ನ ಹಿಡ್ಕೊಳ್ಳಿ ಅತ್ತೆ,” ಅಂದಳು. ಐದು ದಿನದ ಮೇಲೆ ಆಡಿದ ಮೊದಲ ಮಾತು. ಹಗ್ಗದಡಿ ನುಸುಳಿ ಹುಲ್ಲಿಗೆ ಇಳಿದಳು. ಓಡಲಿಲ್ಲ. ನಡೆದುಕೊಂಡು ಹೋಗಿ ಅಣ್ಣನ ಎದುರು, ಒಂದು ಮಾರು ದೂರದಲ್ಲಿ, ನೆಲ ನೋಡುತ್ತ ನಿಂತಳು.

ತಂಗಿ ಬಂದು ನಿಂತ ಕಡೆ ಅಣ್ಣ ಇರುವ ಹಾಗಿಲ್ಲ. ಅದೂ ಹಾಗೆ, ತೊಡೆ ಕಾಣುವ ಚಡ್ಡಿಯಲ್ಲಿ, ಎಣ್ಣೆ ಹಚ್ಚಿದ ಮೈಯಲ್ಲಿ. ಫೆಲೆಟಿ ಎಡಕ್ಕೆ ಸರಿದ. ಅವಳೂ ಸರಿದಳು. ಅವನು ಮೈದಾನದ ನಡುವಿಗೆ ಹೋದ. ಅವಳೂ ಹೋದಳು. ಮುಖ ಎತ್ತಲಿಲ್ಲ, ಮಾತಾಡಲಿಲ್ಲ. ತಂಡದಲ್ಲಿದ್ದ ಟೋಂಗಾದ ಹುಡುಗರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಪಕ್ಕಕ್ಕೆ ನಿಂತರು. ಡ್ರಮ್ಮು ನಿಂತಿತು. ಎದುರು ತಂಡದವರು ಮಾತ್ರ ಸಿಳ್ಳೆ ಹಾಕುತ್ತಿದ್ದರು.

ಕೋಚ್ ಓಡಿ ಬಂದರು. “ಏನಮ್ಮಾ ಇದು ನಾಟಕ? ಆಚೆ ಹೋಗು.”

ಪಿಸಿಲಾ ಅಲ್ಲಾಡಲಿಲ್ಲ.

ಫೆಲೆಟಿ ಅವಳಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ಕೂಗಿದ. “ಅತ್ತೇ, ಇವಳನ್ನ ಕರ್ಕೊಂಡು ಹೋಗಿ. ನಿಮ್ಮ ಮಾತು ಕೇಳ್ತಾಳೆ.”

ಸಾವಿರ ಜನ ನನ್ನ ಕಡೆ ತಿರುಗಿದರು. ನಾನು ಬಾ ಎಂದಿದ್ದರೆ ಅವಳು ಬರುತ್ತಿದ್ದಳು.

ಹಗ್ಗದಡಿ ಬಗ್ಗುವುದು ನನ್ನ ಸೊಂಟಕ್ಕೆ ಆಗದ ಕೆಲಸ. ಯಾರೋ ಎತ್ತಿ ಹಿಡಿದರು. ಹೋಗಿ ಪಿಸಿಲಾಳ ಪಕ್ಕ ನಿಂತೆ. ಅವಳ ಕೈ ಹಿಡಿದೆ, ಐಸಿನಂತಿತ್ತು. ಮಿಸ್ ಹ್ಯಾರಿಗನ್ ತನ್ನ ಪೆಟ್ಟಿಗೆ ಹಿಡಿದು ಬಂದಳು. ಅವಳಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ, “ಇವಳು ಅವತ್ತೇ ಹೇಳಿದ್ಲು. ಹುಬ್ಬು ಎತ್ತಿದ್ಲು. ನಮ್ಮಲ್ಲಿ ಅದು ಹೌದು. ಅವನು ವಾಂತಿ. ತಲೆನೋವು. ಬೆಳಕು ಆಗಲ್ಲ. ನಾನು ನೋಡಿದೆ. ನಾನು ಸಹಿ ಹಾಕಿದೆ.”

ಮಿಸ್ ಪೆಟ್ಟಿಗೆ ಕೆಳಗಿಟ್ಟಳು. ಕೋಚಿನ ಕಡೆ ತಿರುಗಿ ಬೇಡ ಎಂದು ತಲೆಯಾಡಿಸಿದಳು.

ಫೆಲೆಟಿ ಅಲ್ಲೇ ಹುಲ್ಲಿನ ಮೇಲೆ ಕೂತು ಅಂಗಿಯಿಂದ ಮುಖ ಮುಚ್ಚಿಕೊಂಡ.

ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಪೆನಿಯೂ ಮೆಲೆಯಾನೆಯೂ ಜೊತೆಗಿದ್ದಾರೆ. ನಾನೂ ಪಿಸಿಲಾಳೂ ಮನೆಯಲ್ಲಿ ಫೋನು ನೋಡುತ್ತ ಕೂತಿದ್ದೇವೆ.

ಆಗಸ್ಟ್ 23, ಶನಿವಾರ

ತಲೆಯ ಚಿತ್ರದಲ್ಲಿ ಮಿದುಳಿನ ಮೇಲೆ ಕೂದಲೆಳೆಯಷ್ಟು ರಕ್ತ ಕಂಡಿದೆಯಂತೆ. ತಾನಾಗೇ ಕರಗಬಹುದು, ಕರಗದಿದ್ದರೆ ತಲೆ ತೆರೆಯಬೇಕಾಗಬಹುದು. ಮಂಗಳವಾರ ಇನ್ನೊಂದು ಚಿತ್ರ ತೆಗೆಯುತ್ತಾರೆ. ಆಡಿದ್ದರೆ ಏನಾಗುತ್ತಿತ್ತು ಎಂದು ಪೆನಿ ಕೇಳಿದ್ದಕ್ಕೆ ಡಾಕ್ಟರು ಅವನ ಭುಜ ಮುಟ್ಟಿ ಹೋದರಂತೆ. ಫೆಲೆಟಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಾನೆ. ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ತಂಡ ನಾಲ್ಕು ಅಂಕದಿಂದ ಸೋತಿತು. ಟೋಪಿಯವನು ಬೇರೊಬ್ಬ ಹುಡುಗನ ಹೆಸರು ಬರೆದುಕೊಂಡು ಹೋದನಂತೆ. ಅಂಗಡಿಯಲ್ಲಿ ನಮ್ಮ ಚರ್ಚಿನ ಇಬ್ಬರು ಗಂಡಸರು ನನ್ನನ್ನು ಕಂಡು ಬೇರೆ ಸಾಲಿಗೆ ಹೋದರು.

ನಿನ್ನೆ ಪೆನಿ ಅಂಗಳದಲ್ಲಿ, ನನ್ನ ಮುಖ ನೋಡದೆ ಕೇಳಿದ. “ಅಕ್ಕ, ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು,” ಅಂದೆ.

“ಯಾವತ್ತಿಂದ?”

“ಮೂರನೇ ದಿನದಿಂದ.”

ಅವನು ಲಾರಿಯ ಕೀಲಿ ತೆಗೆದುಕೊಂಡು ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನನ್ನು ಬೈಯುವ ಹಾಗಿಲ್ಲವಲ್ಲ.

ಈಗ ನಿನಗೆ ಹೇಳಬೇಕಾದ ಮಾತು. ಪಿಸಿಲಾ ಓಡುವುದಿಲ್ಲವಂತೆ. ಮೊಳೆಯ ಬೂಟು, ಶಾಲೆಯ ಅಂಗಿ ಎಲ್ಲ ಒಗೆದು ಮಡಚಿ ಶಾಲೆಗೆ ವಾಪಸ್ ಕೊಡಲು ಚೀಲಕ್ಕೆ ಹಾಕಿಟ್ಟಿದ್ದಾಳೆ. “ಅವನ ಆಟ ಕಿತ್ಕೊಂಡು ನಾನು ಓಡಿ ಪದಕ ತರಲಾ ಅತ್ತೆ? ಎಲ್ಲರೆದುರು ಅವನಿಗೆ ಮರ್ಯಾದೆ ಕೊಡದೆ ನಿಂತ್ಕೊಂಡವಳು,” ಅನ್ನುತ್ತಾಳೆ. ಮರ್ಯಾದೆ ಕೆಟ್ಟಿದ್ದು ಅವಳಿಂದ ಅಲ್ಲ ಅಂತ ನಾನು ಹೇಳಿದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಾಳೆ. ನಂಬುವುದಿಲ್ಲ. ಹೇಗೆ ನಂಬಿಯಾಳು? ಆ ದಿನ ಅವಳ ಹುಬ್ಬನ್ನು ನೋಡಿಯೂ ಪೆನ್ನು ಹಿಡಿದವಳ ಮಾತು ಅದು. ಓಡು ಎಂದು ಆಜ್ಞೆ ಮಾಡಿದರೆ ಓಡುತ್ತಾಳೆ, ನನಗೆ ಹೆದರಿ ಓಡುತ್ತಾಳೆ. ಹಾಗೆ ಓಡಿಸಲು ನನಗೆ ಮನಸ್ಸಿಲ್ಲ.

ನೀನೂ ಅವಳ ಸೋದರತ್ತೆಯೇ. ನಿನ್ನ ಮಾತಿಗೂ ಅಷ್ಟೇ ತೂಕ, ಮತ್ತು ನಿನ್ನ ಕೈ ಶುಭ್ರವಾಗಿದೆ. ಅದಕ್ಕೇ ಈ ಪುಸ್ತಕವನ್ನು ಒಂದು ಹಾಳೆಯನ್ನೂ ಹರಿಯದೆ ಪಾಸ್ಟರ ಹೆಂಡತಿಯ ಕೈಗೆ ಕೊಡುತ್ತಿದ್ದೇನೆ. ನಾನು ಬರೆದಿದ್ದನ್ನು ಹಾಗೇ ಓದು, ನನಗೆ ಕನಿಕರ ತೋರಿಸಬೇಡ. ಅವರು ಸೆಪ್ಟೆಂಬರ್ ಆರಕ್ಕೆ ವಾಪಸ್ ಬರುತ್ತಾರೆ. ಓಟ ಹನ್ನೊಂದಕ್ಕೆ. ನನಗಲ್ಲ, ಪಿಸಿಲಾಳ ಹೆಸರಿಗೆ ಬರೆ. ‘ನೀನು ಮಾಡಿದ್ದು ಸರಿ’ ಅಂತ ನಿನ್ನ ಕೈಯಾರೆ ಬರೆ, ದೊಡ್ಡ ಅಕ್ಷರದಲ್ಲಿ. ಬೇರೇನೂ ಬರೆಯದಿದ್ದರೂ ಚಿಂತೆಯಿಲ್ಲ. ಬೇಗ ಬರೆ, ಲೆಸಿಯೆಲಿ.

ನಿನ್ನ ಅಕ್ಕ,
ಸೆಲುವಾಯಿಯಾ